ಕೈಗೆ ಸಿಗದವರ ಗುಂಗಿಂದ ಹೊರಗೆ ಬರೋದು ಹೇಗೆ

ರಾತ್ರಿ 11.30 ಆಗಿರತ್ತೆ, ಬೆಳಗ್ಗೆ ಬೇಗ ಏಳ್ಬೇಕು ಅಂತ ಗೊತ್ತಿರತ್ತೆ, ಆದ್ರೂ ಕೈ ತಾನಾಗೇ ವಾಟ್ಸಾಪ್ ಕಡೆ ಹೋಗತ್ತೆ. ಆನ್‌ಲೈನ್ ಅಂತಿದ್ರೆ ಯಾರ ಹತ್ರ ಮಾತಾಡ್ತಿರ್ಬೋದು ಅಂತ ಹೊಟ್ಟೆ ಉರಿಯತ್ತೆ, ಇಲ್ಲ ಅಂದ್ರೆ ಮಲ್ಗಿದ್ರಾ ಅಥವಾ ನಂಗೆ ಕಾಣ್ಬಾರ್ದು ಅಂತ ಸೆಟ್ಟಿಂಗ್ ಚೇಂಜ್ ಮಾಡಿದ್ರಾ ಅಂತ ಅನುಮಾನ. ಆಮೇಲೆ ಅವ್ರ ಡಿಪಿ ದೊಡ್ಡದು ಮಾಡಿ ನೋಡೋದು, ಇನ್‌ಸ್ಟಾಗ್ರಾಮ್‌ಗೆ ಹೋಗಿ ಹೊಸದಾಗಿ ಯಾರ್ನ ಫಾಲೋ ಮಾಡಿದ್ದಾರೆ ಅಂತ ಹುಡ್ಕೋದು, ಹೋದ ವರ್ಷದ ಚಾಟ್‌ಗೆ ಸ್ಕ್ರೋಲ್ ಮಾಡಿ 'ಆಗ ಎಷ್ಟು ಚೆನ್ನಾಗಿ ಮಾತಾಡ್ತಿದ್ರು' ಅಂತ ಅಳೋದು. ಇದು ದಿನಾ ನಡೀತಿದ್ರೆ ಈ ಬರಹ ನಿಮಗೋಸ್ಕರಾನೇ.

ಇಷ್ಟ ಪಡೋದು ಬೇರೆ, ಗುಂಗು ಹತ್ತೋದು ಬೇರೆ. ಇಷ್ಟ ಆದ್ರೆ ಅವ್ರು ಎದುರಿಗೆ ಬಂದಾಗ ಖುಷಿ ಆಗತ್ತೆ, ಇಲ್ದಿದ್ದಾಗ ನಿಮ್ಮ ಕೆಲಸ ನಡೀತಿರತ್ತೆ. ಗುಂಗು ಹತ್ತಿದ್ರೆ ಊಟ ಮಾಡ್ತಾನೂ ಅವ್ರೇ, ಮೀಟಿಂಗಲ್ಲೂ ಅವ್ರೇ, ಅಮ್ಮ ಫೋನಲ್ಲಿ ಏನೋ ಹೇಳ್ತಿದ್ರೂ ತಲೆ ಅಲ್ಲೇ. ಅದ್ರಲ್ಲೂ ಈ ಗುಂಗು ಹೆಚ್ಚಾಗಿ ಹತ್ತೋದು ಒಂದು ಥರದವರ ಮೇಲೆ, ಮಾತಿಗೆ ಸಿಗ್ತಾರೆ ಮನಸ್ಸಿಗೆ ಸಿಗಲ್ಲ ಅಂತಾರಲ್ಲ ಅಂಥವರ ಮೇಲೆ. ರಾತ್ರಿ ಎರಡು ಗಂಟೆ ಹೊತ್ತು ಮಾತಾಡಿ, ಹಳೇ ಬ್ರೇಕಪ್ಪು, ಅಪ್ಪನ ಜೊತೆ ಜಗಳ, ಚಿಕ್ಕಂದಿನ ನೋವು ಎಲ್ಲಾ ಹೇಳ್ಕೊಂಡು 'ನಿನ್ನಷ್ಟು ನನ್ನ ಯಾರೂ ಅರ್ಥ ಮಾಡ್ಕೊಂಡಿಲ್ಲ' ಅಂತಾರೆ, ಮಾರನೇ ದಿನ ಆಫೀಸ್ ಕಾರಿಡಾರಲ್ಲಿ ಪರಿಚಯಾನೇ ಇಲ್ಲ ಅನ್ನೋ ಥರ ಹೋಗ್ತಾರೆ. ನಿಮ್ಮ ಅಮ್ಮಂಗೆ ಹುಷಾರಿಲ್ಲ ಅಂದ ದಿನ 'ಓಹ್, ಟೇಕ್ ಕೇರ್' ಅಂತ ಒಂದು ಲೈನು, ಆಮೇಲೆ ಮೂರು ದಿನ ನಾಪತ್ತೆ. ಅವ್ರು ಕೆಟ್ಟವ್ರು ಅಂತ ನಾನು ಹೇಳ್ತಿಲ್ಲ. ಎಷ್ಟೋ ಜನಕ್ಕೆ ಹತ್ರ ಬರೋದಂದ್ರೇ ಭಯ, ಕೆಲವರಿಗೆ ನಿಮ್ಮ ಮೇಲೆ ಅಷ್ಟು ಆಸಕ್ತಿ ಇಲ್ಲ ಆದ್ರೆ ನಿಮ್ಮ ಗಮನ ಬೇಕು, ಇನ್ನು ಕೆಲವರಿಗೆ ತಮಗೇ ಏನ್ ಬೇಕು ಅಂತ ಗೊತ್ತಿಲ್ಲ. ಇದ್ರಲ್ಲಿ ಯಾವುದು ಅಂತ ಕಂಡುಹಿಡಿಯೋದು ನಿಮ್ಮ ಕೆಲಸ ಅಲ್ಲ, ಅದು ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದ್ಲು ಇದು ಯಾಕೆ ಬಿಡಲ್ಲ ಅಂತ ತಿಳ್ಕೊಳ್ಳಿ. ಈ ಸ್ಥಿತಿಗೆ ಲೈಮರೆನ್ಸ್ ಅಂತ ಹೆಸರಿಟ್ಟಿದ್ದು ಡೊರೊಥಿ ಟೆನ್ನೋವ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞೆ, 1970ರ ದಶಕದಲ್ಲಿ. ನೂರಾರು ಜನರನ್ನ ಮಾತಾಡಿಸಿದ ಮೇಲೆ ಅವರಿಗೆ ಕಂಡ ಮುಖ್ಯ ಸಂಗತಿ ಅಂದ್ರೆ ಈ ಗುಂಗು ಬೆಳೆಯೋಕೆ ಎರಡು ಬೇಕು, ಒಂದಿಷ್ಟು ಆಸೆ ಮತ್ತೆ ಒಂದಿಷ್ಟು ಅನಿಶ್ಚಿತತೆ. ಪೂರ್ತಿ ಹೌದು ಅಂದ್ರೂ ಇಳಿಯತ್ತೆ, ಪೂರ್ತಿ ಇಲ್ಲ ಅಂತ ಮನಸ್ಸಿಗೆ ನಾಟಿದ್ರೂ ಇಳಿಯತ್ತೆ. ಮಧ್ಯದಲ್ಲಿ ನೇತಾಡ್ತಿದ್ರೆ ಮಾತ್ರ ವರ್ಷಗಟ್ಲೆ ಉಳಿಯತ್ತೆ. ಬಿ.ಎಫ್. ಸ್ಕಿನ್ನರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಾನೂ ಇದನ್ನೇ ಹೇಳತ್ತೆ. ಗೋಡೆ ಮೇಲಿನ ಬಟನ್ ಕುಕ್ಕಿದಾಗೆಲ್ಲಾ ಕಾಳು ಸಿಗ್ತಿದ್ದ ಪಾರಿವಾಳ ಕಾಳು ನಿಂತ ಮೇಲೆ ಬೇಗ ಕುಕ್ಕೋದು ಬಿಡ್ತು, ಯಾವಾಗ್ಲೋ ಒಮ್ಮೆ ಲೆಕ್ಕ ಇಲ್ದೆ ಕಾಳು ಸಿಗ್ತಿದ್ದ ಪಾರಿವಾಳ ಕಾಳು ಪೂರ್ತಿ ನಿಂತ ಮೇಲೂ ಕುಕ್ಕುತ್ತಾನೇ ಇತ್ತು. ಐದು ದಿನ ಸುದ್ದಿ ಇಲ್ದೆ ಆರನೇ ದಿನ 'ಮಿಸ್ಡ್ ಯೂ' ಅಂತ ಬರೋ ಒಂದು ಮೆಸೇಜು ಅದೇ ಕಾಳು. ದಿನಾ ಮೆಸೇಜ್ ಮಾಡೋರ ಮೇಲೆ ನಿಮಗೆ ಇಷ್ಟು ಹುಚ್ಚು ಹಿಡಿಯಲ್ಲ, ಯೋಚನೆ ಮಾಡಿ ನೋಡಿ.

ಹಾಗಾಗಿ ನಿಮ್ಮನ್ನ ಕಟ್ಟಿಹಾಕಿರೋದು 'ಆಗ್ಬೋದೇನೋ' ಅನ್ನೋ ಆಸೆ. ಗುಂಗು ಮುಗಿಯೋಕೆ ಟೆನ್ನೋವ್ ಮೂರು ದಾರಿ ಹೇಳ್ತಾರೆ: ಆ ಕಡೆಯಿಂದ್ಲೂ ಅಷ್ಟೇ ಪ್ರೀತಿ ಸಿಗೋದು, ಇನ್ನೊಬ್ರ ಮೇಲೆ ಗುಂಗು ಹತ್ತೋದು, ಇಲ್ಲಾ ಆಸೆಗೆ ಏನೂ ಆಹಾರ ಸಿಗದೆ ಅದು ತಾನಾಗೇ ಸೊರಗೋದು. ಮೊದಲ್ನೇದು ನಿಮ್ಮ ಕೈಲಿಲ್ಲ. ಎರಡನೇದು ಮಾಡಿದ್ರೆ ಊರು ಬದ್ಲಾಯ್ತೇ ಹೊರತು ಜ್ವರ ಬಿಡ್ಲಿಲ್ಲ. ಉಳಿದಿದ್ದು ಮೂರನೇದು, ಆಸೆಗೆ ಆಹಾರ ಹಾಕೋದು ನಿಲ್ಲಿಸೋದು. ಇಲ್ಲಿಂದ ಮುಂದೆ ನಾನು ಹೇಳೋದೆಲ್ಲಾ ಅದ್ರ ಬಗ್ಗೇನೇ. ಯೋಚನೆ ಬರೋದು ನಿಮ್ಮ ಕೈಲಿಲ್ಲ, ಅದಕ್ಕೆ ತಿನ್ನಿಸೋದು ನಿಮ್ಮ ಕೈಲಿದೆ.

ಒಂದ್ಸಲ ನೇರವಾಗಿ ಕೇಳಿ, ಉತ್ತರ ಹೇಗೆ ಓದ್ಬೇಕು ಅಂತ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ

ಆ ವ್ಯಕ್ತಿಗೆ ಮದುವೆ ಆಗಿದ್ರೆ, ನಿಮ್ಮ ಬಾಸ್ ಅಥವಾ ಲೆಕ್ಚರರ್ ಆಗಿದ್ರೆ, ಇಲ್ಲಾ ಈಗಾಗ್ಲೇ ಇಲ್ಲ ಅಂತ ಹೇಳಿದ್ರೆ ಈ ಭಾಗ ಬಿಟ್ಟು ಮುಂದಕ್ಕೆ ಹೋಗಿ, ಕೇಳೋಕೆ ಏನೂ ಇಲ್ಲ. ಉಳಿದವರು ಒಂದ್ಸಲ ಕೇಳೋದು ಒಳ್ಳೇದು ಅಂತ ನಾನು ಗಟ್ಟಿಯಾಗಿ ನಂಬ್ತೀನಿ, ಯಾಕಂದ್ರೆ ಕೇಳದೆ ಬಿಟ್ರೆ 'ಕೇಳಿದ್ರೆ ಒಪ್ತಿದ್ರೇನೋ' ಅನ್ನೋದು ಹತ್ತು ವರ್ಷ ಆದ್ರೂ ಕೊರೀತಿರತ್ತೆ. ಸುತ್ತಿ ಬಳಸಿ ಬೇಡ, ಶಾಯರಿ ಬೇಡ, ಉದ್ದದ ಪತ್ರ ಬೇಡ. ಹೀಗೆ ಬರೀರಿ:

'ನಂಗೆ ನಿಮ್ಮ ಮೇಲೆ ಸ್ನೇಹಕ್ಕಿಂತ ಜಾಸ್ತಿ ಇದೆ. ನಿಮಗೂ ಹಾಗೇ ಇದ್ಯಾ ಇಲ್ವಾ ಅಂತ ಸ್ಪಷ್ಟವಾಗಿ ತಿಳ್ಕೋಬೇಕು. ಇಲ್ಲ ಅಂದ್ರೂ ಬೇಜಾರಿಲ್ಲ, ಆದ್ರೆ ಸ್ವಲ್ಪ ಕಾಲ ನಾನು ಮಾತು ನಿಲ್ಲಿಸ್ತೀನಿ, ಅದು ನಂಗೋಸ್ಕರ.'

ಕಳಿಸೋಕೆ ಮುಂಚೆ ಒಂದು ಹಾಳೆ ಮೇಲೆ ಬರ್ದಿಡಿ: ಹೌದು ಅಂತ ಬಂದ್ರೆ ಮಾತ್ರ ಹೌದು, ಬೇರೆ ಏನೇ ಬಂದ್ರೂ ಇಲ್ಲ. 'ಈಗ ನಂಗೆ ರಿಲೇಷನ್‌ಶಿಪ್ ಬೇಡ', 'ನೋಡೋಣ', 'ಟೈಮ್ ಬೇಕು', 'ನೀನು ನಂಗೆ ತುಂಬಾ ಸ್ಪೆಷಲ್, ಆದ್ರೆ...', 'ಯಾಕೆ ಎಲ್ಲದಕ್ಕೂ ಹೆಸರು ಕೊಡ್ಬೇಕು', ಒಂದು ನಗೋ ಎಮೋಜಿ, ನೀಲಿ ಟಿಕ್ ಬಂದು ಮೌನ, ಎಲ್ಲಾ ಇಲ್ಲ ಅಂತಾನೇ. ಇದನ್ನ ಮೊದ್ಲೇ ಯಾಕೆ ಬರ್ದಿಡ್ಬೇಕು ಅಂದ್ರೆ ಉತ್ತರ ಬಂದ ಮೇಲೆ ನಿಮ್ಮ ಮನಸ್ಸು ವಕೀಲನ ಕೆಲಸ ಶುರು ಮಾಡತ್ತೆ, 'ಈಗ ಬೇಡ ಅಂದ್ರು, ಅಂದ್ರೆ ಆಮೇಲೆ ಬೇಕಾಗ್ಬೋದು ಅಂತ ಅಲ್ವಾ' ಅಂತ ವಾದ ಮಾಡತ್ತೆ. ತೀರ್ಪು ಮೊದ್ಲೇ ಬರ್ದಿದ್ರೆ ವಾದಕ್ಕೆ ಜಾಗ ಇರಲ್ಲ. ನಿಜವಾಗಿ ಬೇಕು ಅನ್ಸಿದೋರು ನಿಮ್ಮನ್ನ ಒಗಟು ಬಿಡಿಸೋಕೆ ಕೂರಿಸಲ್ಲ.

ಇಲ್ಲ ಅಂತ ಬಂದ ಮೇಲೆ ಅದನ್ನ ಇಲ್ಲ ಅಂತಾನೇ ತಗೋಬೇಕು, ಇದು ಗಂಡ್ಮಕ್ಕಳಿಗೆ ವಿಶೇಷವಾಗಿ ಹೇಳ್ತಿದ್ದೀನಿ. ಹಿಂದೆ ಬಿದ್ರೆ ಒಂದಿನ ಒಪ್ಕೋತಾಳೆ ಅಂತ ಎಷ್ಟೋ ಸಿನಿಮಾ ನಮ್ಮ ತಲೆಗೆ ತುಂಬಿವೆ, ನಿಜ ಜೀವನದಲ್ಲಿ ಅವಳಿಗೆ ಅದು ಬರೀ ಭಯ. ಆಸಕ್ತಿ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಒಂದು ಹೆಣ್ಣಿನ ಹಿಂದೆ ಹೋಗೋದು, ಪದೇ ಪದೇ ಕಾಂಟ್ಯಾಕ್ಟ್ ಮಾಡೋದು, ಅವಳು ಇಂಟರ್ನೆಟ್ಟಲ್ಲಿ ಏನ್ ಮಾಡ್ತಾಳೆ ಅಂತ ನಿಗಾ ಇಡೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78ರ ಪ್ರಕಾರ ಅಪರಾಧ, ಮೊದಲ್ನೇ ಸಲಕ್ಕೇ 3 ವರ್ಷದವರೆಗೂ ಜೈಲು ಆಗ್ಬೋದು. ಫೇಕ್ ಅಕೌಂಟ್ ಮಾಡ್ಕೊಂಡು ನೋಡ್ತಿದ್ರೆ ಇವತ್ತೇ ಅದನ್ನ ಡಿಲೀಟ್ ಮಾಡಿ. ಹೆಣ್ಮಕ್ಕಳು ಮಾಡಿದ್ರೂ ಅಷ್ಟೇ, ಎದುರಿಗಿರೋ ಮನುಷ್ಯನಿಗೆ ಆಗೋ ಹಿಂಸೆ ಕಮ್ಮಿ ಏನಲ್ಲ.

ಫೋನ್ ಕ್ಲೀನ್ ಮಾಡೋದು

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಗುಂಗು ಫೋನಲ್ಲೇ ಇರತ್ತೆ. 'ಮನಸ್ಸು ಗಟ್ಟಿ ಮಾಡ್ಕೋ' ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ, ಆದ್ರೆ ರಾತ್ರಿ ಸುಸ್ತಾಗಿ ಹಾಸಿಗೆ ಮೇಲೆ ಬಿದ್ದಾಗ ಯಾರ ಮನಸ್ಸೂ ಗಟ್ಟಿ ಇರಲ್ಲ, ಅದಕ್ಕೆ ಹಗಲಲ್ಲಿ ತಲೆ ಸರಿ ಇರೋವಾಗ್ಲೇ ಸೆಟ್ಟಿಂಗ್ ಬದ್ಲಾಯಿಸಿ ಇಡ್ಬೇಕು.

ವಾಟ್ಸಾಪಲ್ಲಿ ಪ್ರೈವಸಿಗೆ ಹೋಗಿ ನಿಮ್ಮ ಲಾಸ್ಟ್ ಸೀನ್ ಮತ್ತೆ ಆನ್‌ಲೈನ್ ಎರಡನ್ನೂ ಯಾರಿಗೂ ಕಾಣದ ಹಾಗೆ ಮಾಡಿ. ನಿಮ್ಮದು ಮುಚ್ಚಿಟ್ರೆ ಬೇರೆಯವರದ್ದೂ ನಿಮಗೆ ಕಾಣಲ್ಲ, ವಾಟ್ಸಾಪ್ ಇರೋದೇ ಹಾಗೆ, ಅದೇ ನಿಮಗೆ ಬೇಕಾಗಿರೋದು. ಆಮೇಲೆ ರೀಡ್ ರಿಸೀಟ್ ಆಫ್ ಮಾಡಿ. ಇದ್ರಿಂದ ನೀಲಿ ಟಿಕ್ ಕಾಟ ತಪ್ಪೋದಲ್ದೆ ನಿಮ್ಮ ಸ್ಟೇಟಸ್ ಯಾರ್ಯಾರು ನೋಡಿದ್ರು ಅನ್ನೋ ಲಿಸ್ಟೂ ಕಾಣಲ್ಲ. ಆ ಲಿಸ್ಟ್ ಬಗ್ಗೆ ಒಂದ್ನಿಮಿಷ ನಿಲ್ಲಿ. ನೂರೈವತ್ತು ಜನಕ್ಕೆ ಹೋಗೋ ಸ್ಟೇಟಸ್ಸನ್ನ ನೀವು ಹಾಕಿದ್ದು ಒಬ್ರಿಗೋಸ್ಕರ, ಹಾಕಿ ಐದು ನಿಮಿಷಕ್ಕೆ ಕಣ್ಣಿನ ಗುರುತು ಒತ್ತಿ ಹೆಸರು ಹುಡ್ಕೋದು, ಇಲ್ಲ, ಮತ್ತೆ ಕಾಲು ಗಂಟೆ ಬಿಟ್ಟು ನೋಡೋದು, ಅಲ್ಲಿ ಚಿಕ್ಕಪ್ಪ ನೋಡಿದ್ದಾರೆ, ಹಾಲಿನ ಅಂಗಡಿಯವರು ನೋಡಿದ್ದಾರೆ, ಅವ್ರು ನೋಡಿಲ್ಲ, ಕಡೆಗೆ ಮಧ್ಯರಾತ್ರಿ ಅವ್ರ ಹೆಸರು ಬಂದ ತಕ್ಷಣ ಎದೆ ಡವಡವ ಅನ್ನೋದು. ಅವ್ರು ನೋಡಿದ್ದು ಬಸ್ಸಲ್ಲಿ ಕೂತು ಸುಮ್ನೆ ಒತ್ಕೊಂಡು ಹೋಗ್ತಾ ಇರ್ಬೋದು, ನಿಮ್ಮ ಇಡೀ ದಿನ ಮಾತ್ರ ಅದ್ರ ಸುತ್ತ ಸುತ್ತಿರತ್ತೆ. ಈ ಒಂದು ಬಾಗಿಲು ಮುಚ್ಚಿದ್ರೆ ಎಷ್ಟು ಹಗುರ ಆಗತ್ತೆ ಅಂತ ಮುಚ್ಚಿ ನೋಡಿದೋರಿಗೇ ಗೊತ್ತು.

ಅವ್ರ ಚಾಟ್‌ನ ಆರ್ಕೈವ್ ಮಾಡಿ, ಯಾವಾಗ್ಲೂ ಮ್ಯೂಟ್ ಇರೋ ಹಾಗೆ ಮಾಡಿ, ಹೊಸ ಮೆಸೇಜ್ ಬಂದ್ರೂ ಆರ್ಕೈವಲ್ಲೇ ಉಳಿಯೋ ಸೆಟ್ಟಿಂಗ್ ಚಾಟ್ಸ್ ಒಳಗಿದೆ, ಅದನ್ನ ಆನ್ ಮಾಡಿ. ಸ್ಟೇಟಸ್ಸೂ ಮ್ಯೂಟ್. ಇನ್‌ಸ್ಟಾಗ್ರಾಮಲ್ಲಿ ಪೋಸ್ಟು ಸ್ಟೋರಿ ಎರಡೂ ಮ್ಯೂಟ್ ಮಾಡಿ, ಜೊತೆಗೆ ನಿಮ್ಮ ಸ್ಟೋರಿ ಅವರಿಗೆ ಕಾಣದ ಹಾಗೆ ಹೈಡ್ ಮಾಡಿ, ಆಗ ನೋಡಿದ್ರಾ ಇಲ್ವಾ ಅನ್ನೋ ಪ್ರಶ್ನೆನೇ ಬರಲ್ಲ. ಗೂಗಲ್ ಫೋಟೋಸಲ್ಲಿ ಮೆಮೊರೀಸ್ ಅಂತ ಬೆಳಗ್ಗೆ ಬೆಳಗ್ಗೆ ಹೋದ ವರ್ಷದ ಟೀಮ್ ಔಟಿಂಗ್ ಫೋಟೋ ಬಂದು ದಿನ ಹಾಳು ಮಾಡತ್ತೆ, ಅದ್ರಲ್ಲಿ ಒಬ್ಬ ವ್ಯಕ್ತಿಯ ಮುಖ ಬರದ ಹಾಗೆ ಮಾಡೋ ಅನುಕೂಲ ಇದೆ, ಬಳಸ್ಕೊಳ್ಳಿ. ಹಳೇ ಚಾಟ್ ಡಿಲೀಟ್ ಮಾಡೋಕೆ ಕೈ ಬರ್ದೇ ಇದ್ರೆ ಎಕ್ಸ್‌ಪೋರ್ಟ್ ಮಾಡಿ ನಂಬಿಕೆ ಇರೋ ಒಬ್ರಿಗೆ ಮೇಲ್ ಮಾಡಿ, 'ವರ್ಷ ಆಗೋವರೆಗೂ ಕೇಳಿದ್ರೂ ಕೊಡ್ಬೇಡ' ಅಂತ ಹೇಳಿ, ಆಮೇಲೆ ಫೋನಿಂದ ತೆಗೀರಿ. ಕಳ್ಕೊಂಡೆ ಅನ್ನೋ ಭಯ ಇರಲ್ಲ, ಓದೋಕೂ ಆಗಲ್ಲ.

ಬ್ಲಾಕ್ ಮಾಡ್ಬೇಕಾ ಅಂತ ಎಲ್ಲರೂ ಕೇಳ್ತಾರೆ. ಬ್ಲಾಕ್ ಮಾಡಿ ಮರ್ತು ಹೋಗೋ ಸ್ವಭಾವ ನಿಮ್ಮದಾಗಿದ್ರೆ ಮಾಡಿ, ಅದಕ್ಕಿಂತ ಒಳ್ಳೇದಿಲ್ಲ. ಆದ್ರೆ ಇವತ್ತು ಬ್ಲಾಕ್ ನಾಳೆ ಅನ್‌ಬ್ಲಾಕ್, ಬ್ಲಾಕ್ ಆಗಿದ್ದು ಅವರಿಗೆ ಗೊತ್ತಾಯ್ತಾ, ಬೇಜಾರಾಯ್ತಾ, ಬೇರೆ ನಂಬರಿಂದ ಮಾಡ್ತಾರಾ ಅಂತ ಕಾಯೋದು ಶುರುವಾದ್ರೆ ಅದೂ ಇನ್ನೊಂದು ಆಟ ಆಗ್ಬಿಡತ್ತೆ, ಅಂಥವರಿಗೆ ಸದ್ದಿಲ್ಲದ ಮ್ಯೂಟೇ ವಾಸಿ. ಮಾತಾಡ್ಬೇಡಿ ಅಂತ ಹೇಳಿದ್ಮೇಲೂ ಅವ್ರೇ ಮೇಲೆ ಬಿದ್ದು ಮೆಸೇಜ್ ಮಾಡ್ತಿದ್ರೆ ಯೋಚನೆನೇ ಬೇಡ, ಬ್ಲಾಕ್.

ಮಲಗೋ ರೂಮಿಂದ ಫೋನ್ ಆಚೆ ಇಡಿ. ಅಲಾರ್ಮಿಗೆ ಒಂದು ಸಣ್ಣ ಗಡಿಯಾರ ತಗೊಳ್ಳಿ.

ಎರಡು ಕಾಲಮ್ಮಿನ ನೋಟ್‌ಬುಕ್

ನನ್ನ ಗೆಳತಿ ಒಬ್ಳು ಬಿಟಿಎಂ ಲೇಔಟಲ್ಲಿ ಪಿಜಿಲಿದ್ಳು, ಜೊತೆಗೆ ಕೆಲಸ ಮಾಡೋ ಹುಡುಗನ ಮೇಲೆ ಇದೇ ಥರ ಗುಂಗು. ಅವಳ ನೆನಪಿನ ತುಂಬಾ ಅವನ ಮಾತುಗಳೇ, ಅವನು ಮಾಡಿದ್ದು ಏನು ಅಂತ ಕೇಳಿದ್ರೆ ಸುಮ್ನಾಗ್ತಿದ್ಳು. ಒಂದು ನೂರು ಪೇಜಿನ ನೋಟ್‌ಬುಕ್ ತಂದು ಮಧ್ಯ ಗೆರೆ ಹಾಕಿ, ಎಡಕ್ಕೆ ಅವನು ಹೇಳಿದ್ದು, ಬಲಕ್ಕೆ ಅವನು ಮಾಡಿದ್ದು ಅಂತ ಬರೆಯೋಕೆ ಶುರು ಮಾಡಿದ್ಳು. 'ವೀಕೆಂಡ್ ಪಕ್ಕಾ ಸಿಗೋಣ' ಅಂತ ಎಡಗಡೆ, 'ಶನಿವಾರ ಸಂಜೆ 6ರವರೆಗೂ ಕಾದೆ, ಫೋನ್ ಎತ್ಲಿಲ್ಲ, ಭಾನುವಾರ ರಾತ್ರಿ ಸಾರಿ ಯಾರ್' ಅಂತ ಬಲಗಡೆ. 'ನೀನಿಲ್ದೆ ಬೋರ್' ಅಂತ ಎಡಗಡೆ, 'ಬರ್ತ್‌ಡೇಗೆ ಇಡೀ ಟೀಮನ್ನ ಕರೆದ, ನನ್ನ ಕರೀಲಿಲ್ಲ' ಅಂತ ಬಲಗಡೆ. 'ನಿಂಗೆ ಏನೇ ಇದ್ರೂ ನಂಗೆ ಹೇಳು' ಅಂತ ಎಡಗಡೆ, ಅದ್ರ ಎದುರಿಗೆ 'ಡೆಂಗ್ಯೂ ಬಂದು ಆಸ್ಪತ್ರೆಲಿದ್ದಾಗ ಒಂದು ಹಾರ್ಟ್ ಎಮೋಜಿ' ಅಂತ ಬರೀವಾಗ ಅವಳೇ ಪೆನ್ ಕೆಳಗಿಟ್ಟು ಸುಮಾರು ಹೊತ್ತು ಸುಮ್ನೆ ಕೂತಿದ್ಳು.

ನೀವೂ ಬರೀರಿ, ಫೋನಲ್ಲಿ ಬೇಡ, ಕೈಯಲ್ಲೇ ಬರೀರಿ. ಬಯ್ಯೋಕೆ ಬರೀತಿಲ್ಲ ಅನ್ನೋದು ನೆನಪಿರ್ಲಿ. ಅವ್ರು ಒಳ್ಳೇದು ಮಾಡಿದ್ರೆ ಅದನ್ನೂ ಬಲಗಡೆ ಹಾಕಿ, ಸುಳ್ಳು ಲೆಕ್ಕ ಇಟ್ರೆ ನಿಮ್ಮ ಮನಸ್ಸೇ ನಂಬಲ್ಲ. ಗುಂಗಿನಲ್ಲಿರೋ ತಲೆ ಚೆಂದದ ನಾಲ್ಕು ಸಂಜೆಗಳನ್ನ ಮಾತ್ರ ಎತ್ತಿಟ್ಕೊಂಡು ಉಳಿದ ಮುನ್ನೂರು ದಿನ ಮರೆಸಿಬಿಡತ್ತೆ, ಈ ಪುಸ್ತಕ ಆ ಮುನ್ನೂರು ದಿನಾನ ವಾಪಸ್ ತರತ್ತೆ. ನೆನಪು ಉಕ್ಕಿ ಬಂದಾಗ ಚಾಟ್ ಓದೋ ಬದ್ಲು ಇದನ್ನ ಓದಿ.

ಯೋಚನೆ ಬಂದಾಗ

ಅವ್ರ ಬಗ್ಗೆ ಯೋಚನೆ ಮಾಡಲ್ಲ ಅಂತ ಶಪಥ ಮಾಡ್ಬೇಡಿ, ಖಂಡಿತ ಸೋಲ್ತೀರಿ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತೆ ಅವ್ರ ಜೊತೆಯವರು ಒಂದಷ್ಟು ಜನಕ್ಕೆ ಬಿಳಿ ಕರಡಿ ಬಗ್ಗೆ ಮಾತ್ರ ಯೋಚಿಸ್ಬೇಡಿ ಅಂತ ಹೇಳಿ, ಯೋಚನೆ ಬಂದ್ರೆ ಗಂಟೆ ಹೊಡೀರಿ ಅಂದಿದ್ರು. ಗಂಟೆ ಹೊಡೀತಾನೇ ಇತ್ತು, ಅಷ್ಟೇ ಅಲ್ಲ, ಆಮೇಲೆ ಈಗ ಯೋಚಿಸ್ಬೋದು ಅಂದಾಗ ಅವರಿಗೆ ಮೊದಲಿಂದ್ಲೂ ಯೋಚಿಸಿ ಅಂತ ಹೇಳಿದ್ದೋರಿಗಿಂತ ಜಾಸ್ತಿ ಕರಡಿ ನೆನಪಾಯ್ತು. ನೀವು ತಳ್ಳಿದಷ್ಟೂ ಅದು ಬರತ್ತೆ.

ಬದಲಿಗೆ ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿ, ಸಂಜೆ 6ರಿಂದ 6.15 ಅಂತ ಇಟ್ಕೊಳ್ಳಿ. ಬೆಳಗ್ಗೆ ನೆನಪು ಬಂದ್ರೆ 'ಸಂಜೆ ಕೂತು ಯೋಚಿಸ್ತೀನಿ' ಅಂದ್ಕೊಂಡು ನೆನಪಿಗೆ ಒಂದು ಪದ ಬರ್ದಿಟ್ಟು ಕೈಲಿರೋ ಕೆಲಸಕ್ಕೆ ವಾಪಸ್ ಹೋಗಿ. ಸಂಜೆ ಆ ಕಾಲು ಗಂಟೆ ಬೇಕಾದ್ರೆ ಅಳಿ, ಬರೀರಿ, ಬಯ್ಯಿರಿ, ಟೈಮ್ ಆದ ತಕ್ಷಣ ಎದ್ದು ಮುಖ ತೊಳ್ಕೊಂಡು ಆಚೆ ಹೋಗಿ. ಕೆಲವು ದಿನ ಆದ್ಮೇಲೆ ಆ ಹೊತ್ತಿಗೆ ಕೂತ್ರೆ ಯೋಚಿಸೋಕೇ ಬೇಜಾರಾಗೋ ದಿನ ಬರತ್ತೆ.

ನೋಡ್ಲೇಬೇಕು, ಮೆಸೇಜ್ ಮಾಡ್ಲೇಬೇಕು ಅನ್ನೋ ತುಡಿತ ಬಂದಾಗ ಅದಕ್ಕೆ ಏನೂ ಮಾಡ್ದೆ ಇರೋದನ್ನ ಕಲೀಬೇಕು. ಎದೆ ಬಿಗಿಯತ್ತೆ, ಕೈ ಬೆವರತ್ತೆ, 'ಒಂದೇ ಒಂದ್ಸಲ ನೋಡಿ ಬಿಡ್ತೀನಿ' ಅನ್ಸತ್ತೆ. ಎಲ್ಲಿ ಬಿಗೀತಿದೆ ಅಂತ ಗಮನಿಸ್ತಾ ಕೂತ್ಕೊಳ್ಳಿ, ಇಲ್ಲಾ ಮೆಟ್ಟಿಲು ಇಳಿದು ಬೀದಿ ಕೊನೆವರೆಗೂ ನಡ್ಕೊಂಡು ಬನ್ನಿ. ಅದು ಏರತ್ತೆ, ಒಂದು ಮಟ್ಟಕ್ಕೆ ಹೋಗತ್ತೆ, ತಾನಾಗೇ ಇಳಿಯತ್ತೆ, ನೀವು ನೋಡ್ದೇ ಇದ್ರೂ ಇಳಿಯತ್ತೆ ಅನ್ನೋದನ್ನ ನಿಮ್ಮ ಮೈ ಕಲೀಬೇಕು. ಗೀಳು ಕಾಯಿಲೆ ಇರೋರಿಗೆ ಚಿಕಿತ್ಸೆಲಿ ಹೇಳ್ಕೊಡೋದೂ ಇದೇ ಥರದ್ದು, ಯೋಚನೆ ಬರ್ಲಿ, ಅದು ಹೇಳಿದ ಕೆಲಸ ಮಾಡ್ಬೇಡ ಅಂತ. ಶುರುವಿನ ಎರಡು ಮೂರು ವಾರ ತುಡಿತ ಮೊದಲಿಗಿಂತ ಜಾಸ್ತಿ ಆಗ್ಬೋದು, ಹೆದರ್ಬೇಡಿ, ಕಾಳು ನಿಂತ ಹೊಸದ್ರಲ್ಲಿ ಪಾರಿವಾಳಾನೂ ಇನ್ನೂ ಜೋರಾಗಿ ಕುಕ್ಕತ್ತೆ. ಮಧ್ಯೆ ಒಂದಿನ ಕೈ ತಪ್ಪಿ ಪ್ರೊಫೈಲ್ ನೋಡ್ಬಿಟ್ರೆ ಎಲ್ಲಾ ಹಾಳಾಯ್ತು ಅಂತ ರಾತ್ರಿಯಿಡೀ ನೋಡ್ತಾ ಕೂರ್ಬೇಡಿ, ಅಲ್ಲೇ ಫೋನ್ ಕೆಳಗಿಡಿ.

ಆಹಾರ ಅಂತ ಗೊತ್ತಾಗದ ಆಹಾರ

ಇದನ್ನ ಯಾರೂ ಹೇಳಲ್ಲ ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ. ಮೆಸೇಜ್ ನಿಲ್ಲಿಸಿರ್ತೀರಿ, ಪ್ರೊಫೈಲ್ ನೋಡ್ತಿರಲ್ಲ, ಆದ್ರೂ ಗುಂಗು ಹೋಗಲ್ಲ, ಯಾಕಂದ್ರೆ ಬೇರೆ ದಾರಿಲಿ ತಿನ್ನಿಸ್ತಿರ್ತೀರಿ. ಮುಖ್ಯವಾದದ್ದು ಅವ್ರನ್ನ ವಿಶ್ಲೇಷಣೆ ಮಾಡೋದು. 'ಅವ್ರು ಅವಾಯ್ಡೆಂಟ್, ಚಿಕ್ಕಂದಿನಲ್ಲಿ ಅಮ್ಮನ ಪ್ರೀತಿ ಸಿಕ್ಕಿಲ್ಲ ಅದಕ್ಕೇ ಹೀಗೆ' ಅಂತ ರೀಲ್ಸ್ ನೋಡಿ ನೋಡಿ ಅರ್ಧ ಡಾಕ್ಟರ್ ಆಗಿರ್ತೀರಿ (ಅವಾಯ್ಡೆಂಟ್ ಅಂದ್ರೆ ಯಾರಾದ್ರೂ ಹತ್ರ ಬಂದ್ರೆ ದೂರ ಸರಿಯೋರು). ಅದು ನಿಜಾನೇ ಇರ್ಬೋದು, ಇದ್ರೂ ನಿಮ್ಮ ಜೀವನದಲ್ಲಿ ಬದಲಾಗೋದು ಏನಿಲ್ಲ, ಭಯಕ್ಕೆ ದೂರ ಹೋಗೋರೂ ದೂರಾನೇ ಹೋಗಿರ್ತಾರೆ. ಆ ಸಂಶೋಧನೆ ಎಲ್ಲಾ ಅವ್ರ ಜೊತೆ ಇನ್ನೊಂದಿಷ್ಟು ಹೊತ್ತು ಕಳೆಯೋಕೆ ಮನಸ್ಸು ಹುಡ್ಕೊಂಡ ನೆಪ. ಯೂಟ್ಯೂಬಲ್ಲಿ ಬರತ್ತಲ್ಲ, 'ಈಗ ಅವರು ನಿಮ್ಮ ಬಗ್ಗೆ ಏನು ಯೋಚಿಸ್ತಿದ್ದಾರೆ, ಒಂದು ಕಾರ್ಡ್ ಆರಿಸಿ' ಅಂತ, ಅದೂ ಹಾಗೇ. ಲಕ್ಷಾಂತರ ಜನ ನೋಡೋ ವಿಡಿಯೋಗೆ ನಿಮ್ಮ ಆ ಒಬ್ರ ಮನಸ್ಸು ಹೇಗೆ ಗೊತ್ತಿರತ್ತೆ, ಆದ್ರೆ 'ಬೇಗ ಸಂಪರ್ಕಕ್ಕೆ ಬರ್ತಾರೆ' ಅಂತ ಕೇಳಿದ ತಕ್ಷಣ ಸತ್ತ ಆಸೆಗೆ ಜೀವ ಬರತ್ತೆ. ಇಂಥ ವಿಡಿಯೋ ಬಂದಾಗೆಲ್ಲಾ ಆಸಕ್ತಿ ಇಲ್ಲ ಅನ್ನೋದನ್ನ ಒತ್ತಿ, ಸ್ವಲ್ಪ ದಿನಕ್ಕೆ ಬರೋದು ಕಮ್ಮಿ ಆಗತ್ತೆ.

ಬಸ್ ಸ್ಟ್ಯಾಂಡ್ ಗೋಡೆ ಮೇಲೆ, ಪೇಪರಲ್ಲಿ ಬರೋ 'ಪ್ರೀತಿಯಲ್ಲಿ ನಂಬಿ ಮೋಸ ಹೋಗಿದ್ದೀರಾ, ಸ್ತ್ರೀ ಪುರುಷ ವಶೀಕರಣ' ಜಾಹೀರಾತಿನ ನಂಬರ್‌ಗೆ ದಯವಿಟ್ಟು ಫೋನ್ ಮಾಡ್ಬೇಡಿ. ಓದಿದೋರು, ಒಳ್ಳೇ ಕೆಲಸದಲ್ಲಿರೋರೂ ಮಾಡ್ತಾರೆ, ಆ ಸ್ಥಿತಿಲಿ ಬುದ್ಧಿ ಮಂಕಾಗಿರತ್ತೆ. ಮೊದ್ಲು ಸ್ವಲ್ಪ ದುಡ್ಡು, ಆಮೇಲೆ ಪೂಜೆ ಅರ್ಧಕ್ಕೆ ನಿಂತ್ರೆ ನಿಮಗೇ ತೊಂದ್ರೆ ಅಂತ ಹೆದರಿಸಿ ಇನ್ನಷ್ಟು ದುಡ್ಡು, ಫೋಟೋ, ಮನೆಯವರ ಹೆಸರು, ಕಡೆಗೆ ಅದನ್ನೇ ಇಟ್ಕೊಂಡು ಬೆದರಿಕೆ. ಅಷ್ಟಕ್ಕೂ ಒಬ್ರ ಇಷ್ಟಕ್ಕೆ ವಿರುದ್ಧವಾಗಿ ಅವ್ರನ್ನ ಎಳ್ಕೊಂಡು ಬರ್ಬೇಕು ಅನ್ನೋದು ಪ್ರೀತಿನಾ?

ಇನ್ನೊಂದು, ಅವ್ರು ನೋಡ್ಲಿ ಅಂತ ಚೆನ್ನಾಗಾಗೋದು. ಜಿಮ್ಮಿಗೆ ಸೇರಿ ಫೋಟೋ ಹಾಕೋದು, ಅವರಿಗೆ ಗೊತ್ತಾಗ್ಲಿ ಅಂತ ಟ್ರಿಪ್ ಹೋಗೋದು, ಇನ್ಯಾರ್ದೋ ಜೊತೆ ಸೆಲ್ಫಿ. ಏನಾದ್ರೂ ಮಾಡೋಕೆ ಮುಂಚೆ ನಿಮ್ಮನ್ನೇ ಕೇಳ್ಕೊಳ್ಳಿ, ಇದು ಅವರಿಗೆ ಯಾವತ್ತೂ ಗೊತ್ತಾಗಲ್ಲ ಅಂದ್ರೂ ನಾನು ಮಾಡ್ತಿದ್ನಾ? ಹೌದು ಅಂದ್ರೆ ಮಾಡಿ.

ಕಾಮನ್ ಫ್ರೆಂಡ್ಸ್‌ಗೂ ಹೇಳಿಡ್ಬೇಕು. 'ಅವ್ನು ಯಾರ ಜೊತೆಗೋ ಓಡಾಡ್ತಿದ್ದಾನಂತೆ ಕಣೇ' ಅಂತ ಒಳ್ಳೇ ಮನಸ್ಸಿಂದ್ಲೇ ಸುದ್ದಿ ತರ್ತಾರೆ, ಆ ಒಂದು ವಾಕ್ಯ ನಿಮ್ಮ ಎರಡು ವಾರ ತಿನ್ನತ್ತೆ. ಒಳ್ಳೇದಾಗ್ಲಿ ಕೆಟ್ಟದ್ದಾಗ್ಲಿ ಅವ್ರ ವಿಷಯ ನಂಗೆ ಹೇಳ್ಬೇಡಿ ಅಂತ ಸ್ಪಷ್ಟವಾಗಿ ಹೇಳಿ. ನಿಮ್ಮ ಕಥೆನೂ ಐದಾರು ಜನಕ್ಕೆ ಹೇಳ್ತಾ ಹೋಗ್ಬೇಡಿ, ಪ್ರತಿ ಸಲ ಹೇಳಿದಾಗ್ಲೂ ಅದು ಹೊಸದಾಗತ್ತೆ. ಒಬ್ರು ಸಾಕು.

ಒಂದೇ ಆಫೀಸು, ಒಂದೇ ಕಾಲೇಜು ಆಗಿದ್ರೆ

ಇದು ಕಷ್ಟ, ಸುಳ್ಳು ಹೇಳಲ್ಲ. ದಿನಾ ಮುಖ ನೋಡ್ತಾ ಮರೆಯೋದು ನಿಧಾನ ಆಗತ್ತೆ. ಊಟದ ಟೈಮ್ ಅರ್ಧ ಗಂಟೆ ಆಚೀಚೆ ಮಾಡಿ, 4 ಗಂಟೆ ಕಾಫಿಗೆ ಬೇರೆ ಫ್ಲೋರ್ ಮಷೀನ್ ಹತ್ರ ಹೋಗಿ, ಒಂದೇ ಕ್ಯಾಬಲ್ಲಿ ಬರ್ತಿದ್ರೆ ಸ್ವಲ್ಪ ದಿನ ಬಸ್ಸೋ ಮೆಟ್ರೋನೋ ಹಿಡೀರಿ. ಆಫೀಸ್ ಚಾಟಿನ ಮೈಕ್ರೋಸಾಫ್ಟ್ ಟೀಮ್ಸಲ್ಲಿ ಅವ್ರ ಹೆಸರಿನ ಪಕ್ಕ ಹಸಿರು ಚುಕ್ಕೆ ಇದ್ಯಾ ಅಂತ ನೋಡೋದು ಲಾಸ್ಟ್ ಸೀನ್ ನೋಡಿದ ಹಾಗೇನೇ, ಆ ಚಾಟ್‌ನ ಕೆಳಗೆ ತಳ್ಳಿ, ಪಿನ್ ಮಾಡಿದ್ರೆ ತೆಗೀರಿ. ಎದುರಿಗೆ ಸಿಕ್ರೆ ನಮಸ್ಕಾರ, ಕೆಲಸದ ಮಾತು, ಅಷ್ಟೇ. ಮುಖ ಗಂಟು ಹಾಕೋದೂ ಬೇಡ, ಅದೂ ಒಂದು ಮೆಸೇಜೇ ಆಗತ್ತೆ, ಏನಾಯ್ತು ಅಂತ ಅವ್ರು ಕೇಳ್ಲಿ ಅನ್ನೋ ಆಸೆ ಅದ್ರೊಳಗಿರತ್ತೆ.

ಅವ್ರಿಂದ ನಿಮಗೆ ಸಿಗ್ತಿದ್ದದ್ದು ಏನು ಅಂತಾನೂ ನೋಡ್ಕೊಳ್ಳಿ. ಊರು ಬಿಟ್ಟು ಬೆಂಗಳೂರಿಗೆ ಬಂದು ಪಿಜಿಲಿ ಒಬ್ರೇ ಇರೋರಿಗೆ 'ಊಟ ಆಯ್ತಾ' ಅಂತ ಕೇಳೋ ಒಂದು ಜೀವ ದೊಡ್ಡದು, ಎಷ್ಟೋ ಸಲ ಗುಂಗಿನ ಬೇರು ಅಲ್ಲೇ ಇರತ್ತೆ. ಆ ಅಗತ್ಯದಲ್ಲಿ ತಪ್ಪೇನಿಲ್ಲ. ಅದನ್ನ ಬೇರೆ ಕಡೆಯಿಂದ ತುಂಬಿಸ್ಬೇಕು. ರಾತ್ರಿ ಊಟದ ಹೊತ್ತಿಗೆ ದಿನಾ ಅಕ್ಕಂಗೆ ಫೋನ್ ಮಾಡಿ, ಕಾಲೇಜ್ ಗೆಳೆಯರ ಜೊತೆ ಭಾನುವಾರ ಬೆಳಗ್ಗೆ ಶಟಲ್ ಆಡೋಕೆ ಹೋಗಿ, ತಿಂಗಳಿಗೊಂದ್ಸಲ ಊರಿಗೆ ಹೋಗಿ ಬನ್ನಿ. ಒಬ್ರೇ ಕೂತು ಮಾಡೋ ಹಾಬಿಗಿಂತ ನಾಲ್ಕು ಜನ ಇರೋ ಕಡೆ ಹೋಗೋದು ಹೆಚ್ಚು ಕೆಲಸ ಮಾಡತ್ತೆ ಅಂತ ನಂಗನ್ಸತ್ತೆ.

ಮನೇಲಿ ಗಂಡು ನೋಡ್ತಿದ್ದಾರೆ, ಹೆಣ್ಣು ನೋಡ್ತಿದ್ದಾರೆ ಅಂತ ಮರೆಯೋಕೋಸ್ಕರ ಮದುವೆಗೆ ಹೂಂ ಅನ್ಬೇಡಿ. 'ಮದುವೆ ಆದ್ರೆ ಎಲ್ಲಾ ಸರಿ ಹೋಗತ್ತೆ' ಅಂತ ದೊಡ್ಡೋರು ಹೇಳ್ತಾರೆ, ಸರಿ ಹೋಗ್ದೇ ಇದ್ರೆ ಏನೂ ಗೊತ್ತಿಲ್ದೇ ಬಂದ ಇನ್ನೊಂದು ಜೀವ ನಿಮ್ಮ ಮನಸ್ಸಲ್ಲಿರೋ ಮೂರನೆಯವರ ಜೊತೆ ದಿನಾ ಪೈಪೋಟಿ ಮಾಡ್ಬೇಕಾಗತ್ತೆ. ಅಮ್ಮಂಗೆ ಎಲ್ಲಾ ಬಿಡಿಸಿ ಹೇಳ್ಬೇಕಾಗಿಲ್ಲ, 'ಇನ್ನೊಂದು ಆರು ತಿಂಗಳು ಬೇಡಮ್ಮ, ಮನಸ್ಸು ಸರಿ ಇಲ್ಲ' ಅಂದ್ರೆ ಸಾಕು.

ಎಷ್ಟು ದಿನ ಹಿಡಿಯತ್ತೆ ಅಂದ್ರೆ, ಟೆನ್ನೋವ್ ಲೆಕ್ಕದಲ್ಲಿ ಈ ಸ್ಥಿತಿ ಸಾಮಾನ್ಯವಾಗಿ 18 ತಿಂಗಳಿಂದ 3 ವರ್ಷದವರೆಗೂ ಇರತ್ತೆ. ತಿನ್ನಿಸೋದು ನಿಂತ್ರೆ ಅಷ್ಟು ಕಾಯೋ ಅಗತ್ಯ ಇಲ್ಲ ಅಂತ ನಂಗನ್ಸತ್ತೆ, ಹಾಗಂತ ಒಂದು ವಾರದಲ್ಲಿ ಹೋಗೋದೂ ಅಲ್ಲ. 2010ರಲ್ಲಿ ಹೆಲೆನ್ ಫಿಶರ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞೆ ಮತ್ತೆ ಜೊತೆಯವರು, ಪ್ರೀತಿಸಿದೋರು ಕೈ ಬಿಟ್ಟ 15 ಜನರ ಮೆದುಳು ಸ್ಕ್ಯಾನ್ ಮಾಡಿದಾಗ ಆ ವ್ಯಕ್ತಿಯ ಫೋಟೋ ನೋಡಿದ ತಕ್ಷಣ ಮಾದಕ ವಸ್ತುವಿನ ಹಂಬಲಕ್ಕೆ ಸಂಬಂಧಪಟ್ಟ ಭಾಗಗಳು ಚುರುಕಾಗಿದ್ವು, ಹಾಗೇ ಕೈ ಬಿಟ್ಟು ಹೆಚ್ಚು ದಿನ ಆಗಿದ್ದೋರಲ್ಲಿ ಅಂಟಿಕೊಳ್ಳೋ ಭಾವಕ್ಕೆ ಸಂಬಂಧಪಟ್ಟ ಒಂದು ಭಾಗದ ಚಟುವಟಿಕೆ ಕಮ್ಮಿ ಇತ್ತು. ನಿಮಗೆ ಇಷ್ಟು ಕಷ್ಟ ಆಗ್ತಿರೋದು ನೀವು ದುರ್ಬಲರು ಅಂತ ಅಲ್ಲ, ದಿನ ಕಳೆದ ಹಾಗೆ ಹಿಡಿತ ಸಡಿಲ ಆಗೋದೂ ನಿಜ.

ತಿಂಗಳುಗಟ್ಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಕೆಲಸ ಹೋಗೋ ಸ್ಥಿತಿ ಬಂದಿದೆ, ಬದುಕೋದೇ ಬೇಡ ಅನ್ಸ್ತಿದೆ ಅಂದ್ರೆ ಇದನ್ನೆಲ್ಲಾ ಒಬ್ರೇ ಮಾಡೋಕೆ ಹೋಗ್ಬೇಡಿ. ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, 2022ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ, ದಿನದ 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡ್ಬೋದು. ಬೆಂಗಳೂರಲ್ಲಿದ್ರೆ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗ್ತಾರೆ. ಒಂದು ಕ್ರಶ್‌ಗೆಲ್ಲಾ ಡಾಕ್ಟರ್ ಹತ್ರ ಹೋಗ್ತಾರಾ ಅಂತ ನಾಚ್ಕೋಬೇಡಿ, ಅವ್ರು ಇಂಥದ್ದು ದಿನಾ ನೋಡ್ತಾರೆ.

ಅವ್ರೇ ವಾಪಸ್ ಬಂದಾಗ

ಬರ್ತಾರೆ. ನೀವು ಮೌನ ಆದ ಮೇಲೆ ಒಂದಿನ 'ಹಾಯ್, ಏನ್ ಸಮಾಚಾರ, ಸುದ್ದೀನೇ ಇಲ್ಲ' ಅಂತ ಬಂದೇ ಬರತ್ತೆ, ಹೆಚ್ಚಾಗಿ ಅವ್ರಿಗೆ ಬೇಜಾರಾದ ಒಂದು ರಾತ್ರಿ, ನೀವು ಸ್ವಲ್ಪ ಚೇತರಿಸ್ಕೊಂಡಿರೋ ಹೊತ್ತಿಗೆ. ಜನ ಮತ್ತೆ ಬೀಳೋದು ಇಲ್ಲೇ. ಆ ಮೆಸೇಜಲ್ಲಿ ಏನಿಲ್ಲ ಅನ್ನೋದನ್ನ ಓದಿ: ನಾನು ಯೋಚಿಸ್ದೆ, ನಂಗೂ ನೀನು ಬೇಕು, ನಾಳೆ ಸಿಗೋಣ ಅಂತ ಇದ್ಯಾ? ಇಲ್ಲ ಅಂದ್ರೆ ಅದು ಕುಶಲ ವಿಚಾರಿಸೋ ಮೆಸೇಜು, ಅಷ್ಟೇ. ಬಂದ ದಿನ ಉತ್ತರ ಕೊಡ್ಬೇಡಿ. ಆ ನೋಟ್‌ಬುಕ್ ತೆಗೆದು ಓದಿ, ಕಥೆ ಗೊತ್ತಿರೋ ಆ ಒಬ್ರಿಗೆ ಫೋನ್ ಮಾಡಿ, ನಿದ್ದೆ ಮಾಡಿ. ಮಾರನೇ ದಿನ ಹಗಲಲ್ಲಿ, ಕೊಡ್ಲೇಬೇಕು ಅನ್ಸಿದ್ರೆ, 'ಚೆನ್ನಾಗಿದ್ದೀನಿ, ನೀವೂ ಚೆನ್ನಾಗಿರಿ, ನಂಗೆ ಈಗ ಮಾತುಕತೆ ಬೇಡ' ಅಂತ ಹಾಕಿ. 'ಯಾಕೆ, ನಾನೇನ್ ಮಾಡ್ದೆ' ಅಂತ ಬಂದ್ರೆ ಅದಕ್ಕೆ ವಿವರಣೆ ಕೊಡೋಕೆ ಹೋಗ್ಬೇಡಿ, ವಿವರಣೆ ಕೊಡ್ತಾ ಕೊಡ್ತಾ ರಾತ್ರಿ 2 ಗಂಟೆ ಆಗಿರತ್ತೆ.

ಅವ್ರ ಮದುವೆ ಕರೆಯೋಲೆ ಬಂದ್ರೆ ಹೋಗ್ಬೇಡಿ. ಹೋಗಿ ಗಟ್ಟಿ ಇದ್ದೀನಿ ಅಂತ ತೋರಿಸೋ ಅಗತ್ಯ ಯಾರಿಗೂ ಇಲ್ಲ. ಶುಭಾಶಯ ಅಂತ ಒಂದು ಸಾಲು ಕಳಿಸಿ, ಆ ದಿನಕ್ಕೆ ಊರಿಗೆ ಹೋಗೋ ಬಸ್ ಟಿಕೆಟ್ ಮೊದ್ಲೇ ಬುಕ್ ಮಾಡಿಟ್ಕೊಳ್ಳಿ, ಮದುವೆ ಫೋಟೋಗಳು ಆಫೀಸ್ ಗ್ರೂಪಲ್ಲಿ ಬರೋ ವಾರ ಆ ಗ್ರೂಪನ್ನೂ ಮ್ಯೂಟ್ ಮಾಡಿ.